ತಟ್ಟೆ ಹಾಕಿದರೆ ವೂಫರ್ ಕುಣಿಯುವುದೇಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಅಟ್ಟದಿಂದ ತಾತನ ಕಾಲದ ಗ್ರಾಮಫೋನ್ ತಟ್ಟೆಗಳನ್ನು ಇಳಿಸಿದವರು, ಬೆಂಗಳೂರಿನಿಂದ ತಟ್ಟೆ ನುಡಿಸುವ ಹೊಸ ಟರ್ನ್‌ಟೇಬಲ್ ತಂದವರು, ಮನೆಯ ಹಳೆಯ ಆಂಪ್ಲಿಫೈಯರಿಗೆ ಮತ್ತೆ ಜೀವ ಕೊಟ್ಟವರು ತುಮಕೂರಿನಲ್ಲಿ ಈಗ ಒಬ್ಬಿಬ್ಬರಲ್ಲ. ಶಿರಾ, ಮಧುಗಿರಿ, ಚಿಂತಾಮಣಿ, ಕೋಲಾರದ ಕಡೆಯಿಂದಲೂ ಕೇಳುವವರಿದ್ದಾರೆ. ಹಾಡಿನ ಗುಣಮಟ್ಟದ ಬಗ್ಗೆ ಕೇಳುವುದಕ್ಕಿಂತ ಹೆಚ್ಚಾಗಿ ಅವರು ಕೇಳುವುದು ವೂಫರ್, ಅಂದರೆ ಸ್ಪೀಕರಿನಲ್ಲಿ ತಗ್ಗಿನ ಸ್ವರ ನುಡಿಸುವ ದೊಡ್ಡ ಕೋನ್ ಬಗ್ಗೆ: ಅದು ಸುಮ್ಮನಿರಬೇಕಾದ ಹೊತ್ತಿನಲ್ಲಿ ಆಡುತ್ತದೆ, ಯಾಕೆ? ಅವರ ಪ್ರಶ್ನೆಗಳನ್ನು ಸುಲಭದಿಂದ ಕಷ್ಟದ ಕಡೆಗೆ ಜೋಡಿಸಿದ್ದೇನೆ. ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ಉತ್ತರ ಪೂರ್ತಿ ಸಿಗುತ್ತದೆ.

## ಮೊದಲ ಗಾಬರಿ

ಪ್ಲೇಟು ಹಾಕಿದ ಕೂಡಲೇ ಸ್ಪೀಕರಿನ ದೊಡ್ಡ ಕೋನ್ ಒಳಗೆ ಹೊರಗೆ ಆಡುತ್ತದೆ. ಆದರೆ ಅದಕ್ಕೆ ತಕ್ಕ ಶಬ್ದವೇ ಇಲ್ಲ. ಏನಿದು?

ನಮ್ಮ ಕಿವಿಗೆ ಕೇಳಿಸುವ ಅತಿ ತಗ್ಗಿನ ಸ್ವರ ಸೆಕೆಂಡಿಗೆ ಸುಮಾರು 20 ಕಂಪನ, ಅಂದರೆ 20 ಹರ್ಟ್ಸ್. ಅದಕ್ಕಿಂತ ನಿಧಾನವಾಗಿ ಕೋನ್ ಆಡಿದರೆ ಕಣ್ಣಿಗೆ ಕಾಣುತ್ತದೆಯೇ ಹೊರತು ಕಿವಿಗೆ ಸಿಗುವುದಿಲ್ಲ. ತಟ್ಟೆಯ ಗೀರಿನಲ್ಲಿ ಓಡುವ ಮುಳ್ಳಿಗೆ ಹಾಡು ಯಾವುದು, ಹಾಡಲ್ಲದ್ದು ಯಾವುದು ಎಂಬ ವಿವೇಚನೆ ಇಲ್ಲ. ತಟ್ಟೆ ಸ್ವಲ್ಪ ಸೊಟ್ಟಗಿದ್ದರೂ, ಮುಳ್ಳನ್ನು ಹಿಡಿದ ತೋಳು, ಅಂದರೆ ಟೋನ್‌ಆರ್ಮ್, ತೂಗಾಡಿದರೂ, ಮೇಜು ನಡುಗಿದರೂ ಅದು ಎಲ್ಲವನ್ನೂ ವಿದ್ಯುತ್ ಸಂಕೇತವಾಗಿಸಿ ಮುಂದಕ್ಕೆ ಕಳಿಸುತ್ತದೆ. ಆಂಪ್ಲಿಫೈಯರ್ ಅದನ್ನು ಹಿಗ್ಗಿಸುತ್ತದೆ, ವೂಫರ್ ವಿಧೇಯವಾಗಿ ಕುಣಿಯುತ್ತದೆ.

ಹಾಡಿನಲ್ಲಿ ಡ್ರಮ್ ಬಿದ್ದಾಗ ಕೋನ್ ಅಲುಗುವುದು ಸಹಜ, ಅದನ್ನು ದೋಷವೆಂದು ಎಣಿಸಬೇಡಿ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವಿನ ಖಾಲಿ ಜಾಗದಲ್ಲಿ ಸ್ಪೀಕರಿನ ಮುಂದಿನ ಬಟ್ಟೆ ತೆಗೆದು ನೋಡಿ. ಆಗಲೂ ಕೋನ್ ಆಡುತ್ತಿದ್ದರೆ ಈ ಪುಟ ನಿಮಗಾಗಿ.

ಮೊಬೈಲಿನಿಂದ ಹಾಡು ಹಾಕಿದರೆ ಅದೇ ಸ್ಪೀಕರ್ ಸುಮ್ಮನಿರುತ್ತದೆ. ಟರ್ನ್‌ಟೇಬಲ್‌ಗೆ ಮಾತ್ರ ಯಾಕೆ ಈ ರೋಗ?

ಮೊಬೈಲಿನಲ್ಲಿ ಹಾಡನ್ನು ಓದಲು ಅಲುಗಾಡುವ ಭಾಗವೇ ಇಲ್ಲ, ಅದು ಒಂದು ಕಾರಣ. ಇನ್ನೊಂದು ತಟ್ಟೆ ಕೊರೆಯುವ ವಿಧಾನದಲ್ಲಿದೆ. ತಗ್ಗಿನ ಸ್ವರಗಳನ್ನು ಇದ್ದಂತೆಯೇ ಕೊರೆದರೆ ಗೀರು ತೀರಾ ಅಗಲವಾಗಿ ಓಲಾಡಿ ಪಕ್ಕದ ಗೀರಿಗೆ ನುಗ್ಗುತ್ತದೆ, ಒಂದು ಬದಿಯಲ್ಲಿ ಇಪ್ಪತ್ತು ನಿಮಿಷದ ಸಂಗೀತ ಹಿಡಿಸುವುದಿಲ್ಲ. ಹಾಗಾಗಿ ಕೊರೆಯುವಾಗ ತಗ್ಗಿನ ಸ್ವರವನ್ನು ಕುಗ್ಗಿಸುತ್ತಾರೆ, ನುಡಿಸುವಾಗ ಫೋನೋ ಪ್ರೀಆಂಪ್ (ಮುಳ್ಳಿನ ಸಣ್ಣ ಸಂಕೇತವನ್ನು ಆಂಪ್ಲಿಫೈಯರಿಗೆ ತಕ್ಕಂತೆ ಏರಿಸುವ ಸರ್ಕ್ಯೂಟ್) ಅಷ್ಟನ್ನೂ ಮರಳಿ ಹಿಗ್ಗಿಸುತ್ತದೆ. 1954ರಿಂದ ಬಳಕೆಗೆ ಬಂದ, ಅಮೆರಿಕದ ರೆಕಾರ್ಡಿಂಗ್ ಉದ್ಯಮ ಸಂಘದ ಹೆಸರಿನ ಆರ್‌ಐಎಎ ಕರ್ವ್ ಎಂಬುದು ಈ ಲೆಕ್ಕವೇ. ಅದರ ಪ್ರಕಾರ 20 ಹರ್ಟ್ಸ್‌ನ ಸಂಕೇತಕ್ಕೆ 1000 ಹರ್ಟ್ಸ್‌ಗೆ ಸಿಗುವುದಕ್ಕಿಂತ 19 ಡೆಸಿಬೆಲ್‌ಗೂ ಹೆಚ್ಚು, ಅಂದರೆ ಸುಮಾರು ಒಂಬತ್ತು ಪಟ್ಟು ಹಿಗ್ಗು ಸಿಗುತ್ತದೆ. ಅದರ ಕೆಳಗಿನ 5 ಹರ್ಟ್ಸ್, 3 ಹರ್ಟ್ಸ್ ಕಸಕ್ಕೂ ಇದೇ ರಾಜಮರ್ಯಾದೆ.

ಹೀಗೆ ಆಡಿದರೆ ಸ್ಪೀಕರ್ ಸುಟ್ಟುಹೋಗುತ್ತದೆಯೇ?

ಕೋನ್ ಒಂದೆರಡು ಮಿಲಿಮೀಟರ್ ಅಲುಗಿದರೆ ಏನೂ ಆಗುವುದಿಲ್ಲ. ಕಣ್ಣಿಗೆ ರಾಚುವಷ್ಟು ಮುಂದೆ ಬಂದು ಹಿಂದೆ ಹೋಗುತ್ತಿದ್ದರೆ, ಅಥವಾ ಜೋರಾಗಿ ಇಟ್ಟಾಗ 'ಟಕ್ ಟಕ್' ಎಂಬ ಒಣ ಸದ್ದು ಬಂದರೆ ಕೋನನ್ನು ಆಡಿಸುವ ತಂತಿಸುರುಳಿ, ಅಂದರೆ ವಾಯ್ಸ್ ಕಾಯಿಲ್, ತನ್ನ ಮಿತಿ ಮುಟ್ಟುತ್ತಿದೆ ಎಂದರ್ಥ. ಆಗ ತಕ್ಷಣ ವಾಲ್ಯೂಮ್ ಇಳಿಸಬೇಕು.

ಸುಡುವುದಕ್ಕಿಂತ ಮೊದಲು ಆಗುವ ನಷ್ಟ ಬೇರೆ. ಕೇಳಿಸದ ಕುಣಿತಕ್ಕೆ ಆಂಪ್ಲಿಫೈಯರಿನ ಶಕ್ತಿ ವ್ಯರ್ಥವಾಗುತ್ತದೆ. ಕಾಯಿಲ್ ಅಯಸ್ಕಾಂತದ ನಡುವಿನ ಜಾಗ ಬಿಟ್ಟು ಆಚೀಚೆ ಸರಿದಾಗಲೆಲ್ಲ ಅದೇ ಕೋನ್ ನುಡಿಸುತ್ತಿರುವ ದನಿಯೂ ಕದಡುತ್ತದೆ. ಪಿಟೀಲಿನ ದೀರ್ಘ ಸ್ವರ ನಡುಗಿದಂತೆ ಕೇಳಿದರೆ, ವಿದ್ವಾಂಸರನ್ನು ಅನುಮಾನಿಸುವ ಮುನ್ನ ವೂಫರ್ ನೋಡಿ.

ನಮ್ಮ ತಂದೆಯವರ ಕಾಲದ ಪೆಟ್ಟಿಗೆ ಸ್ಪೀಕರಿನಲ್ಲಿ ಹೀಗಾಗುತ್ತಿರಲಿಲ್ಲ. ಹೊಸದನ್ನು ದುಬಾರಿ ಕೊಟ್ಟು ತಂದ ಮೇಲೆ ಶುರುವಾಯಿತು. ಮೋಸ ಹೋದೆನೇ?

ಮೋಸವಿಲ್ಲ. ಹೊಸ ಪೆಟ್ಟಿಗೆಯ ಮುಂದೆಯೋ ಹಿಂದೆಯೋ ದುಂಡನೆಯ ಒಂದು ತೂತು ಇರಬೇಕು, ನೋಡಿ. ತೂತಿಲ್ಲದ ಪೆಟ್ಟಿಗೆಯಲ್ಲಿ ಒಳಗಿನ ಗಾಳಿಯೇ ಕೋನನ್ನು ಹಿಡಿದಿಡುತ್ತದೆ. ತೂತಿರುವ ಪೆಟ್ಟಿಗೆಯನ್ನು ಒಂದು ನಿರ್ದಿಷ್ಟ ಸ್ವರಕ್ಕೆ, 40 ಅಥವಾ 50 ಹರ್ಟ್ಸ್‌ನ ಆಸುಪಾಸಿಗೆ ಹೊಂದಿಸಿರುತ್ತಾರೆ. ಅಲ್ಲಿ ಅದು ಚಿಕ್ಕ ಕೋನಿನಿಂದಲೇ ದೊಡ್ಡ ಬಾಸ್ ಕೊಡುತ್ತದೆ. ಅದರ ಕೆಳಗೆ ಮಾತ್ರ ಗಾಳಿ ತೂತಿನಿಂದ ಸರಾಗವಾಗಿ ಓಡಾಡಿ, ಕೋನಿಗೆ ಯಾವ ಹಿಡಿತವೂ ಉಳಿಯುವುದಿಲ್ಲ. ತಟ್ಟೆಯ ಕಸವೆಲ್ಲ ಬರುವುದು ಸರಿಯಾಗಿ ಆ ಜಾಗದಲ್ಲೇ.

ಕಾಸಿಲ್ಲದ ಪ್ರಯೋಗ: ಕೈವಸ್ತ್ರ ಅಥವಾ ಸ್ಪಂಜನ್ನು ಸುರುಳಿ ಸುತ್ತಿ ತೂತಿಗೆ ಬಿಗಿಯಾಗಿ ತುರುಕಿ. ಒಳಗೆ ಬೀಳದಂತೆ ತುದಿ ಹೊರಗೆ ಬಿಡಿ. ಕುಣಿತ ಕಡಿಮೆಯಾಗುತ್ತದೆ, ಜೊತೆಗೆ ಬಾಸ್ ತುಸು ಸೊರಗುತ್ತದೆ. ಚಿಕ್ಕ ಕೋಣೆಯಲ್ಲಿ, ಗೋಡೆಗೆ ಅಂಟಿಸಿಟ್ಟ ಸ್ಪೀಕರಿಗೆ ಆ ಸೊರಗುವಿಕೆಯೂ ಒಳ್ಳೆಯದೇ.

ಕೋನ್ ಆಡುತ್ತಿಲ್ಲ, ಮುಂದಕ್ಕೆ ಬಂದು ಹಾಗೆಯೇ ನಿಂತುಬಿಟ್ಟಿದೆ. ಇದೂ ತಟ್ಟೆಯ ದೋಷವೇ?

ಅಲ್ಲ. ಈಗಲೇ ಆಂಪ್ಲಿಫೈಯರ್ ಆರಿಸಿ, ಸ್ಪೀಕರ್ ತಂತಿ ಬಿಚ್ಚಿ. ಆಂಪ್ಲಿಫೈಯರಿನ ಔಟ್‌ಪುಟ್‌ನಲ್ಲಿ ಡಿಸಿ (ಒಂದೇ ದಿಕ್ಕಿನ) ವೋಲ್ಟೇಜ್ ಸೋರುತ್ತಿದೆ, ಸ್ಪೀಕರ್ ನಿಜವಾಗಿ ಸುಡುವುದು ಹೀಗೆಯೇ. ರಿಪೇರಿಯವರಿಗೆ ತೋರಿಸುವ ತನಕ ಮತ್ತೆ ಜೋಡಿಸಬೇಡಿ.

## ಕಾರಣ ಹುಡುಕುವುದು

ಯಾವುದೇ ಮೀಟರ್ ಇಲ್ಲದೆ, ಮನೆಯಲ್ಲೇ ಕಾರಣ ಕಂಡುಹಿಡಿಯಲು ಆಗುತ್ತದೆಯೇ?

ಆಗುತ್ತದೆ. ಮೊಬೈಲಿನ ಟಾರ್ಚ್ ಮತ್ತು ಗಡಿಯಾರ ಸಾಕು. ಬಹಳ ಜನ ಇದನ್ನು ಬಿಟ್ಟು ನೇರ ಖರೀದಿಗೆ ಇಳಿಯುತ್ತಾರೆ. ಮೊದಲು ಪ್ರೀಆಂಪ್, ಆಮೇಲೆ ಕೇಬಲ್, ಕೊನೆಗೆ ಸ್ಪೀಕರ್. ದೋಷ ಮಾತ್ರ ತಟ್ಟೆಯ ಜೊತೆಗೇ ಕೂತಿರುತ್ತದೆ.

ಸ್ಪೀಕರಿನ ಬಟ್ಟೆ ತೆಗೆದು ಕೋಣೆಯ ದೀಪ ಆರಿಸಿ. ಟಾರ್ಚನ್ನು ಕೋನಿನ ಪಕ್ಕದಿಂದ, ಓರೆಯಾಗಿ ಹಿಡಿಯಿರಿ. ಎದುರಿನಿಂದ ಕಾಣದ ಚಲನೆ ಅಂಚಿನ ರಬ್ಬರಿನ ನೆರಳಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಈಗ ಅದರ ತಾಳ ಎಣಿಸಿ. ನಿಮಿಷಕ್ಕೆ 33⅓ ಸುತ್ತಿನ ವೇಗದ ತಟ್ಟೆ ಒಂದು ಸುತ್ತು ಮುಗಿಸಲು 1.8 ಸೆಕೆಂಡ್ ತೆಗೆದುಕೊಳ್ಳುತ್ತದೆ. ಹತ್ತು ಸುತ್ತಿಗೆ 18 ಸೆಕೆಂಡ್. ಕೋನಿನ ದೊಡ್ಡ ನೆಗೆತ ಅಷ್ಟೇ ಲೆಕ್ಕಕ್ಕೆ ಬರುತ್ತಿದ್ದರೆ ತಟ್ಟೆ ಸೊಟ್ಟಗಿದೆ. ಖಾತರಿ ಬೇಕೆಂದರೆ 45ರ ತಟ್ಟೆ ಹಾಕಿ. ಅದರ ಸುತ್ತು 1.33 ಸೆಕೆಂಡ್, ಸೊಟ್ಟಗಿದ್ದರೆ ತಾಳವೂ ಅದಕ್ಕೆ ತಕ್ಕಂತೆ ಚುರುಕಾಗುತ್ತದೆ.

ತಾಳ ಎಣಿಸಲಾಗದಷ್ಟು ಬೇಗ, ಸೆಕೆಂಡಿಗೆ ಏಳೆಂಟು ಹತ್ತು ಬಾರಿ ಕೋನ್ ನಡುಗುತ್ತಿದ್ದರೆ ಟೋನ್‌ಆರ್ಮ್ ಮತ್ತು ಅದರ ತುದಿಯಲ್ಲಿ ಮುಳ್ಳನ್ನು ಹೊತ್ತ ಕಾರ್ಟ್ರಿಜ್ ಸೇರಿ ಅನುರಣಿಸುತ್ತಿವೆ. ತಾಳವೇ ಇಲ್ಲದೆ, ಯಾರೋ ನಡೆದಾಗ, ಬಾಗಿಲು ಹಾಕಿದಾಗ, ಹೊರಗೆ ಲಾರಿ ಹೋದಾಗ ಎದ್ದು ಬೀಳುತ್ತಿದ್ದರೆ ಇಟ್ಟ ಜಾಗವೇ ಸರಿಯಿಲ್ಲ.

ಇನ್ನೊಂದು ಪರೀಕ್ಷೆ ಮಾಡಿ. ಮೋಟಾರ್ ಆರಿಸಿ, ನಿಂತ ತಟ್ಟೆಯ ಮೇಲೆ ಮುಳ್ಳನ್ನು ಇಳಿಸಿ. ವಾಲ್ಯೂಮನ್ನು ಸೊನ್ನೆಯಿಂದ ನಿಧಾನವಾಗಿ ನೀವು ದಿನವೂ ಕೇಳುವ ಮಟ್ಟದವರೆಗೆ ಏರಿಸಿ. ಕೈ ಗುಂಡಿಯ ಮೇಲೆಯೇ ಇರಲಿ. ತಟ್ಟೆ ನಿಂತಿದ್ದರೂ ಕೋನ್ ಆಡತೊಡಗಿದರೆ, ಅಥವಾ 'ಗೂಂ' ಎಂಬ ಸದ್ದು ಬೆಳೆಯತೊಡಗಿದರೆ ಸ್ಪೀಕರಿನ ಕಂಪನ ನೆಲದಿಂದಲೋ ಮೇಜಿನಿಂದಲೋ ಮುಳ್ಳಿಗೆ ಮರಳಿ ಬರುತ್ತಿದೆ. ಕೂಡಲೇ ಇಳಿಸಿಬಿಡಿ. ಸೊಟ್ಟ ತಟ್ಟೆಯ ಕುಣಿತ ವಾಲ್ಯೂಮಿನ ಜೊತೆ ಸಮನಾಗಿ ಏರುತ್ತದೆ. ಈ ಮರಳಿ ಬರುವ ಕಂಪನ ಹಾಗಲ್ಲ, ಒಂದು ಮಟ್ಟದವರೆಗೆ ಮೌನವಾಗಿದ್ದು ಅದನ್ನು ದಾಟಿದೊಡನೆ ತಾನೇ ತಾನಾಗಿ ಬೆಳೆಯುತ್ತದೆ.

ಮುಳ್ಳನ್ನು ತಟ್ಟೆಯಿಂದ ಎತ್ತಿದರೂ ಕೋನ್ ಆಡುತ್ತಲೇ ಇದೆ.

ಹಾಗಿದ್ದರೆ ಟರ್ನ್‌ಟೇಬಲ್ ನಿರಪರಾಧಿ. ಹಳೆಯ ಆಂಪ್ಲಿಫೈಯರಿನ ಪವರ್ ಸಪ್ಲೈ ಕೆಪಾಸಿಟರ್‌ಗಳು ಒಣಗಿದಾಗ ಸರ್ಕ್ಯೂಟ್ ತಾನಾಗಿಯೇ ನಿಧಾನಗತಿಯಲ್ಲಿ ಓಲಾಡುತ್ತದೆ, ಕೆಲವೊಮ್ಮೆ 'ಪುಟ್ ಪುಟ್' ಸದ್ದೂ ಬರುತ್ತದೆ. ಪ್ರೀಆಂಪ್ ಕಳಚಿ ನೋಡಿ ದೋಷ ಯಾವ ಪೆಟ್ಟಿಗೆಯದೆಂದು ಬೇರ್ಪಡಿಸಿ, ಕೆಪಾಸಿಟರ್ ಬದಲಾಯಿಸಲು ಕೊಡಿ.

ಮೋನೋ ಗುಂಡಿ ಒತ್ತಿದರೆ ಕುಣಿತ ನಿಂತುಹೋಗುತ್ತದೆ. ಇದೇನು ಮಾಯೆ?

ಈ ಪುಟದಲ್ಲಿ ನನಗೆ ತುಂಬ ಇಷ್ಟವಾದ ಪ್ರಶ್ನೆ ಇದು. ಸ್ಟೀರಿಯೊ ತಟ್ಟೆಯ ಗೀರಿನ ಎರಡು ಗೋಡೆಗಳು 45 ಡಿಗ್ರಿ ಓರೆಯಾಗಿವೆ, ಒಂದು ಎಡ ಚಾನೆಲ್, ಇನ್ನೊಂದು ಬಲ. ಮುಳ್ಳು ಅಡ್ಡಡ್ಡ ಅಲುಗಿದರೆ ಎರಡೂ ಚಾನೆಲ್‌ಗೆ ಒಂದೇ ದಿಕ್ಕಿನ ಸಂಕೇತ ಬರುತ್ತದೆ. ಮೇಲೆ ಕೆಳಗೆ ಅಲುಗಿದರೆ ಒಂದರ ವಿರುದ್ಧ ಇನ್ನೊಂದು. ಸೊಟ್ಟ ತಟ್ಟೆ ಮುಳ್ಳನ್ನು ಮೇಲೆ ಕೆಳಗೆ ಎತ್ತಿ ಇಳಿಸುತ್ತದೆ, ಆದ್ದರಿಂದ ಎಡ ವೂಫರ್ ಹೊರಗೆ ಬಂದಾಗ ಬಲದ್ದು ಒಳಗೆ ಹೋಗುತ್ತದೆ. ಮೋನೋ ಗುಂಡಿ ಎರಡನ್ನೂ ಕೂಡಿಸಿದಾಗ ಒಂದನ್ನೊಂದು ಹೊಡೆದುಹಾಕುತ್ತವೆ.

ಇದರಿಂದ ಎರಡು ಲಾಭ. ಮೊದಲನೆಯದು ರೋಗನಿರ್ಣಯ: ಗುಂಡಿ ಒತ್ತಿದಾಗ ನಿಂತರೆ ತೊಂದರೆ ಮೇಲೆ ಕೆಳಗಿನದು, ನಿಲ್ಲದಿದ್ದರೆ ಅಡ್ಡಡ್ಡದ್ದು. ಎರಡನೆಯದು ಚಿಕಿತ್ಸೆ. ನಮ್ಮ ಕಡೆಯ ಮನೆಗಳಲ್ಲಿರುವ ಹಳೆಯ ಸಿನಿಮಾ ಹಾಡು, ಪೌರಾಣಿಕ ನಾಟಕ, ಹರಿಕಥೆಯ ತಟ್ಟೆಗಳಲ್ಲಿ ಬಹಳಷ್ಟು ಮೋನೋ, ಅಂದರೆ ಎಡ ಬಲ ಎರಡೂ ಒಂದೇ. ಅವಕ್ಕೆ ಗುಂಡಿ ಒತ್ತಿಯೇ ಕೇಳಿ. ಕುಣಿತದ ಜೊತೆ ಚಟಪಟ ಸದ್ದೂ ಒಂದಷ್ಟು ಇಳಿಯುತ್ತದೆ, ಹಾಡಿನಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ.

## ಇಡುವ ಜಾಗ

ಜಾಗ ಕಡಿಮೆ. ಸ್ಪೀಕರ್, ಟರ್ನ್‌ಟೇಬಲ್ ಎರಡೂ ಒಂದೇ ಟೇಬಲ್ ಮೇಲಿವೆ. ನಡುವೆ ಸ್ಪಂಜ್ ಹಾಕಿದರೆ ಸಾಲದೇ?

ಸಾಲದು. ಬೇರೆ ಯಾವ ಉಪಾಯಕ್ಕೂ ಮುನ್ನ ಇವೆರಡನ್ನೂ ಬೇರೆ ಮಾಡಿ. ಸ್ಪೀಕರನ್ನು ಸ್ಟೂಲಿನ ಮೇಲಿಟ್ಟರೂ ಆದೀತು. ಸ್ಪೀಕರಿನ ತೂತಿನ ಎದುರಿಗೆ, ಅಥವಾ ಬಾಸ್ ಗುಂಯ್‌ಗುಡುವ ಕೋಣೆಯ ಮೂಲೆಯಲ್ಲಿ ಟರ್ನ್‌ಟೇಬಲ್ ಇಡಬೇಡಿ. ಆ ಮೂಲೆ ಯಾವುದೆಂದು ತಿಳಿಯಲು ಬಾಸ್ ಹೆಚ್ಚಿರುವ ಹಾಡು ಹಾಕಿ ಕೋಣೆಯಲ್ಲಿ ಒಂದು ಸುತ್ತು ನಡೆಯಿರಿ, ಕಿವಿಯೇ ಹೇಳುತ್ತದೆ.

ನಮ್ಮದು ಕೋಲಾರ, ಕಲ್ಲಿಗೆ ಬರವಿಲ್ಲ. ದಪ್ಪ ಗ್ರಾನೈಟ್ ಚಪ್ಪಡಿ ಮೇಲೆ ಇಟ್ಟರೆ ಎಲ್ಲ ಸರಿಹೋಗುತ್ತದಲ್ಲವೇ?

ಅರ್ಧ ಸರಿ. ಕಲ್ಲು ಭಾರ, ತಾನಾಗಿ ಸುಲಭಕ್ಕೆ ಅಲುಗುವುದಿಲ್ಲ. ಆದರೆ ಅದಕ್ಕೆ ಬಂದ ಕಂಪನವನ್ನು ನುಂಗುವ ಗುಣವಿಲ್ಲ, ಅತ್ತ ಕಡೆಯಿಂದ ಇತ್ತ ಕಡೆಗೆ ದಾಟಿಸಿಬಿಡುತ್ತದೆ. ಮರದ ಮೇಜಿನ ಮೇಲೆ ಬರಿಯ ಚಪ್ಪಡಿ ಇಟ್ಟರೆ ಸಿಗುವುದು ಭಾರದ ಮೇಜು ಅಷ್ಟೇ.

ಚಪ್ಪಡಿಯ ಕೆಳಗೆ ಮೆತ್ತನೆಯದು ಏನಾದರೂ ಇದ್ದಾಗ ಆಟ ಬದಲಾಗುತ್ತದೆ. ಭಾರ ಮೇಲೆ, ಸ್ಪ್ರಿಂಗ್ ಕೆಳಗೆ ಎಂಬ ಜೋಡಿ ಕಂಪನವನ್ನು ತಡೆಯುತ್ತದೆ. ಇದಕ್ಕೆ ಅಗ್ಗದ ಸ್ಪ್ರಿಂಗ್ ಎಂದರೆ ಮಕ್ಕಳ ಸೈಕಲ್ಲಿನ ಟ್ಯೂಬ್. ಮೇಜಿನ ಮೇಲೆ ಟ್ಯೂಬನ್ನು ದುಂಡಗೆ ಹಾಸಿ, ಚಪ್ಪಡಿ ಇಟ್ಟು, ಅದು ಮೇಜಿನಿಂದ ಒಂದು ಬೆರಳಿನಷ್ಟು ಎತ್ತರಕ್ಕೆ ಏಳುವಷ್ಟು ಮಾತ್ರ ಗಾಳಿ ತುಂಬಿ. ಗಟ್ಟಿಯಾಗಿ ಗಾಳಿ ಹೊಡೆದರೆ ಪ್ರಯೋಜನವಿಲ್ಲ. ವಾಲ್ವ್ ಕೈಗೆ ಸಿಗುವಂತೆ ಹೊರಗಿರಲಿ, ಗಾಳಿ ಇಳಿದಾಗ ಮಟ್ಟ ತಪ್ಪುತ್ತದೆ. ಒಳಗೆ ಸ್ಪ್ರಿಂಗ್ ತೂಗು ಇರುವ ಟರ್ನ್‌ಟೇಬಲ್‌ಗೆ ಮಾತ್ರ ಇದು ಬೇಡ. ಮೆತ್ತಗಿನದರ ಮೇಲೆ ಮೆತ್ತಗಿನದು ಕೂತು ತೂಗಾಟ ಹೆಚ್ಚಾಗುತ್ತದೆ.

ಇನ್ನೂ ಒಳ್ಳೆಯ ಜಾಗ ನಿಮ್ಮ ಹಳೆಯ ಮನೆಯಲ್ಲೇ ಇರಬಹುದು. ಮೊಳ ದಪ್ಪದ ಕಲ್ಲು ಮಣ್ಣಿನ ಗೋಡೆಯಲ್ಲಿ ಲಾಟೀನಿಗೆಂದು ಬಿಟ್ಟ ಗೂಡು ಅಗಲವಾಗಿದ್ದರೆ ಅದಕ್ಕೆ ಸಾಟಿಯಿಲ್ಲ. ಹೊಸ ಮನೆಗಳಲ್ಲಿ ಗೋಡೆಗೆ ಕೂರಿಸಿದ ಕಡಪ ಕಲ್ಲಿನ ಶೆಲ್ಫ್ ಕೂಡ ನೆಲದ ನಡುಕವನ್ನು ತಪ್ಪಿಸುತ್ತದೆ. ಆ ಗೋಡೆಯ ಮೇಲೆಯೇ ಸ್ಪೀಕರ್ ನೇತುಹಾಕದಿದ್ದರೆ ಸರಿ.

ಮೊದಲನೇ ಮಹಡಿ. ಮಗ ಓಡಾಡಿದರೆ ವೂಫರ್ ಧಡ್ ಎನ್ನುತ್ತದೆ. ಹೆದ್ದಾರಿಯ ಲಾರಿಗಳಿಂದಲೂ ಹೀಗಾಗುತ್ತದೆಯೇ?

ಆರ್‌ಸಿಸಿ ಛಾವಣಿ ಹೆಚ್ಚು ಬಳುಕುವುದು ನಟ್ಟನಡುವೆ. ಕೋಣೆಯ ಮಧ್ಯದಿಂದ ತೊಲೆಯೋ ಹೊರಗೋಡೆಯೋ ಇರುವ ಅಂಚಿಗೆ ಸರಿಸಿದರೆ ಹೆಜ್ಜೆಯ ಕಾಟ ಬಹುಪಾಲು ಮುಗಿಯುತ್ತದೆ. ಲಾರಿ, ರೈಲು, ಕ್ವಾರಿಯ ಸಿಡಿತ ಇವೂ ತಲುಪುತ್ತವೆ, ಆದರೆ ಬಂದು ಹೋಗುತ್ತವೆ. ಕೆಜಿಎಫ್‌ನ ಹಿರಿಯರನ್ನು ಕೇಳಿ: 2001ರಲ್ಲಿ ಗಣಿ ಮುಚ್ಚುವ ಮೊದಲು ಆಳದಲ್ಲಿ ಬಂಡೆ ಸಿಡಿದರೆ ಮೇಲಿನ ಮನೆಗಳ ಪಾತ್ರೆಗಳೇ ಅಲುಗುತ್ತಿದ್ದವು, ಇನ್ನು ಮುಳ್ಳಿನ ಪಾಡೇನು.

ಮುಚ್ಚಳ ಹಾಕಿ ನುಡಿಸಬೇಕೋ ತೆಗೆದೋ?

ತೆಗೆದು. ಪ್ಲಾಸ್ಟಿಕ್ ಮುಚ್ಚಳ ಗಾಳಿಯ ಕಂಪನವನ್ನು ಹಿಡಿದು ಯಂತ್ರಕ್ಕೆ ಕೊಡುತ್ತದೆ. ಧೂಳಿನ ಚಿಂತೆ ಇದ್ದರೆ ಕೇಳಿ ಮುಗಿದ ಮೇಲೆ ಹಾಕಿ.

## ತಟ್ಟೆಯ ಸರದಿ

ಕಾರಿನಲ್ಲಿ ಬಿಟ್ಟಿದ್ದ ಎಲ್‌ಪಿ ಸೊಟ್ಟಗಾಗಿದೆ. ಎರಡು ಗಾಜಿನ ನಡುವೆ ಇಟ್ಟು ಬಿಸಿಲಿಗೆ ಹಾಕಿದರೆ ನೆಟ್ಟಗಾಗುತ್ತದೆ ಎನ್ನುತ್ತಾರೆ. ನಿಜವೇ?

ನೆಟ್ಟಗಾಗಲೂಬಹುದು, ಗೀರು ಕರಗಿ ಹಾಳಾಗಲೂಬಹುದು. ವಿನೈಲ್ 50-60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗತೊಡಗುತ್ತದೆ. ಪಾವಗಡದ ಏಪ್ರಿಲ್ ಬಿಸಿಲಿನಲ್ಲಿ ಗಾಜಿನ ಕೆಳಗೆ ಶಾಖ ಎಷ್ಟಕ್ಕೆ ಏರಿತೆಂದು ನಿಮಗೆ ತಿಳಿಯುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಬಿಸಿಲಿಗೆ ಹಾಕಿದ ಹಪ್ಪಳದಂತೆ ಅಂಚು ಏಳುವುದು ಹೀಗೆಯೇ ತಾನೇ? ಅದೇ ಬಿಸಿಲಿನಿಂದ ರಿಪೇರಿ ನಿರೀಕ್ಷಿಸುವುದು ನನಗಂತೂ ಒಪ್ಪಿಗೆಯಿಲ್ಲ. ಬಿಸಿಲಿಲ್ಲದೆ, ಎರಡು ದಪ್ಪ ಗಾಜಿನ ನಡುವೆ, ಮೇಲೆ ಪುಸ್ತಕಗಳ ಭಾರ ಹೇರಿ ತಣ್ಣನೆಯ ಕೋಣೆಯಲ್ಲಿ ವಾರಗಟ್ಟಲೆ ಬಿಡಿ. ಸಣ್ಣ ಸೊಟ್ಟಕ್ಕೆ ಇದರಿಂದ ಸ್ವಲ್ಪ ಉಪಕಾರವಾಗುತ್ತದೆ. ಧೂಳು ಪೂರ್ತಿ ಒರೆಸದೆ ಮಾತ್ರ ಗಾಜಿನ ನಡುವೆ ಇಡಬೇಡಿ, ಕಣಗಳು ಗೀರಿಗೆ ಒತ್ತಿಹೋಗುತ್ತವೆ.

ನಡುವೆ ಇಡುವ ಕ್ಲಾಂಪ್ ಅಥವಾ ಭಾರದ ಬಿಲ್ಲೆ ಬೋರಲು ಬಟ್ಟಲಿನಂತೆ ನಡು ಉಬ್ಬಿದ ತಟ್ಟೆಯನ್ನು ಕೂರಿಸುತ್ತದೆ, ಅಂಚು ಎದ್ದ ತಟ್ಟೆಗೆ ಅದರಿಂದ ಅಷ್ಟೇನೂ ಆಗದು. ಭಾರ ಇಡುವ ಮುನ್ನ ನಿಮ್ಮ ಯಂತ್ರದ ಬೇರಿಂಗ್ ಅದನ್ನು ತಾಳುತ್ತದೆಯೇ ಎಂದು ನೋಡಿಕೊಳ್ಳಿ. ಮುಂದಕ್ಕೆ ಹೀಗಾಗದಿರಲು ತಟ್ಟೆಗಳನ್ನು ನೆಟ್ಟಗೆ ನಿಲ್ಲಿಸಿಡಿ. ಒರಗಿಸುವುದೂ ಬೇಡ, ಒಂದರ ಮೇಲೊಂದು ಪೇರಿಸುವುದೂ ಬೇಡ.

ಟೋನ್‌ಆರ್ಮ್ ಪ್ರತಿ ಸುತ್ತಿಗೂ ಎಡಕ್ಕೆ ಬಲಕ್ಕೆ ತೂಗುತ್ತದೆ, ತಟ್ಟೆ ಮಾತ್ರ ಸಮವಾಗಿದೆ.

ನಡುವಿನ ತೂತು ಸರಿಯಾದ ಕೇಂದ್ರದಲ್ಲಿಲ್ಲ. ಇದರಿಂದ ವೂಫರಿಗೆ ಆಗುವ ತೊಂದರೆ ಕಡಿಮೆ, ಶ್ರುತಿಗೆ ಹೆಚ್ಚು. ತಂಬೂರಿಯ ನಾದ ಏರಿ ಇಳಿದಂತೆ ಕೇಳುತ್ತದೆ. ತಟ್ಟೆ ಅಪರೂಪದ್ದಲ್ಲದಿದ್ದರೆ ಇನ್ನೊಂದು ಪ್ರತಿ ಹುಡುಕುವುದೇ ಲೇಸು.

## ಟೋನ್‌ಆರ್ಮ್ ಮತ್ತು ಕಾರ್ಟ್ರಿಜ್

ತಟ್ಟೆ ಸಮವಾಗಿದೆ, ಜಾಗವೂ ಸರಿಯಿದೆ. ಆದರೂ ಕೋನ್ ನಡುಗುತ್ತಲೇ ಇದೆ. ಕಾರ್ಟ್ರಿಜ್ ಬದಲಾಯಿಸಬೇಕೇ?

ಬದಲಾಯಿಸುವ ಮುನ್ನ ಲೆಕ್ಕ ಹಾಕಿ. ಮುಳ್ಳಿನ ಕಡ್ಡಿ ಒಂದು ಸ್ಪ್ರಿಂಗ್, ಟೋನ್‌ಆರ್ಮ್ ಅದಕ್ಕೆ ತೂಗುಬಿದ್ದ ಭಾರ. ಈ ಜೋಡಿಗೆ ತನ್ನದೇ ಒಂದು ಸಹಜ ಕಂಪನ ಇರುತ್ತದೆ. ಅದು 8ರಿಂದ 12 ಹರ್ಟ್ಸ್ ನಡುವೆ ಇದ್ದರೆ ಒಳ್ಳೆಯದು: ಸೊಟ್ಟ ತಟ್ಟೆಯ ಕಂಪನ ಅದಕ್ಕಿಂತ ಕೆಳಗೆ ಉಳಿಯುತ್ತದೆ, ಸಂಗೀತ 20 ಹರ್ಟ್ಸ್‌ನ ಮೇಲೆ. 5-6 ಹರ್ಟ್ಸ್‌ಗೆ ಇಳಿದರೆ ತಟ್ಟೆಯ ಸಣ್ಣ ಏರಿಳಿತವೂ ಈ ಜೋಡಿಯನ್ನು ಕೆರಳಿಸುತ್ತದೆ.

ಲೆಕ್ಕ ಹೀಗೆ. ಟೋನ್‌ಆರ್ಮ್‌ನ ಎಫೆಕ್ಟಿವ್ ಮಾಸ್ (ಮುಳ್ಳಿಗೆ ತಟ್ಟುವ ತೋಳಿನ ಭಾರ), ಕಾರ್ಟ್ರಿಜ್ ತೂಕ, ಸ್ಕ್ರೂಗಳ ತೂಕ ಮೂರನ್ನೂ ಗ್ರಾಮಿನಲ್ಲಿ ಕೂಡಿ. ಅದನ್ನು ಕಾರ್ಟ್ರಿಜ್‌ನ ಕಂಪ್ಲಯನ್ಸ್ (ಮುಳ್ಳಿನ ಕಡ್ಡಿ ಎಷ್ಟು ಬಳುಕುತ್ತದೆ ಎಂಬ) ಸಂಖ್ಯೆಯಿಂದ ಗುಣಿಸಿ. ಬಂದುದರ ವರ್ಗಮೂಲದಿಂದ 159ನ್ನು ಭಾಗಿಸಿ. ಸಿಗುವುದು ಹರ್ಟ್ಸ್.

ಟೆಕ್ನಿಕ್ಸ್ ಎಸ್‌ಎಲ್-1200 ಮಾದರಿಯ ತೋಳು 12 ಗ್ರಾಂ. ಅದಕ್ಕೆ ಆರ್ಟೊಫಾನ್ 2ಎಂ ರೆಡ್ ಹಾಕಿದಿರಿ ಎನ್ನಿ: ತೂಕ 7.2 ಗ್ರಾಂ, ಕಂಪ್ಲಯನ್ಸ್ 20, ಸ್ಕ್ರೂಗಳಿಗೆ 1 ಗ್ರಾಂ. ಮೊತ್ತ 20.2, ಗುಣಲಬ್ಧ 404, ವರ್ಗಮೂಲ 20.1, ಉತ್ತರ 7.9 ಹರ್ಟ್ಸ್. ಅಂಚಿನಲ್ಲಿದೆ, ನಡೆಯುತ್ತದೆ. ಇದೇ ಕಾರ್ಟ್ರಿಜನ್ನು 20 ಗ್ರಾಮಿನ ಹಳೆಯ ಭಾರದ ತೋಳಿಗೆ ಹಾಕಿದರೆ 6.7ಕ್ಕೆ ಇಳಿಯುತ್ತದೆ. ಅಲ್ಲಿ ಕುಣಿತ ಖಂಡಿತ.

ಇಲ್ಲೊಂದು ಬಲೆ ಇದೆ. ಜಪಾನಿನ ಹಲವು ಕಂಪನಿಗಳು ಕಂಪ್ಲಯನ್ಸನ್ನು 100 ಹರ್ಟ್ಸ್‌ನಲ್ಲಿ ಅಳೆದು ಬರೆಯುತ್ತವೆ. ನಮಗೆ ಬೇಕಾದದ್ದು 10 ಹರ್ಟ್ಸ್‌ನ ಸಂಖ್ಯೆ, ಅದು ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಪಟ್ಟು ಹೆಚ್ಚು. ಆಡಿಯೊ-ಟೆಕ್ನಿಕಾ ಎಟಿ-ವಿಎಂ95ಇ ಪೆಟ್ಟಿಗೆಯ ಮೇಲಿನ 7ನ್ನು ಹಾಗೆಯೇ ಹಾಕಿದರೆ ಅದೇ ಟೆಕ್ನಿಕ್ಸ್ ತೋಳಿನಲ್ಲಿ ಸುಮಾರು 13.7 ಹರ್ಟ್ಸ್ ಬರುತ್ತದೆ. 13 ಎಂದು ಹಿಡಿದರೆ 10 ಹರ್ಟ್ಸ್, ವಾಸ್ತವಕ್ಕೆ ಹತ್ತಿರವಾದದ್ದು ಇದೇ.

ಲೆಕ್ಕ ಬೇಡವೆನ್ನುವವರು ಕಣ್ಣಿನಿಂದ ನೋಡಬಹುದು. ತಟ್ಟೆಯ ಮಟ್ಟಕ್ಕೆ ಕಣ್ಣು ತಂದು, ಎದುರಿನಿಂದ ಟಾರ್ಚ್ ಹಾಕಿ, ಕಾರ್ಟ್ರಿಜ್‌ನ ಹೊಟ್ಟೆಗೂ ತಟ್ಟೆಗೂ ನಡುವಿನ ಬೆಳಕಿನ ಗೆರೆಯನ್ನು ಗಮನಿಸಿ. ಹೊಂದಿಕೊಂಡ ಜೋಡಿಯಲ್ಲಿ ತಟ್ಟೆ ಎದ್ದಾಗ ಕಾರ್ಟ್ರಿಜ್ ಕೂಡ ಏಳುತ್ತದೆ, ಗೆರೆ ಒಂದೇ ದಪ್ಪಕ್ಕೆ ಉಳಿಯುತ್ತದೆ. ಹೊಂದದ ಜೋಡಿಯಲ್ಲಿ ಉಬ್ಬಿನ ಮೇಲೆ ಗೆರೆ ಸಣ್ಣದಾಗಿ, ಉಬ್ಬು ದಾಟಿದ ಮೇಲೆ ದಪ್ಪವಾಗಿ, ಎರಡು ಮೂರು ಸಲ ತೂಗಿ ನಿಲ್ಲುತ್ತದೆ. ವೂಫರ್ ತೋರಿಸುತ್ತಿರುವುದು ಆ ಗೆರೆಯ ತೂಗಾಟವನ್ನೇ.

ಮುಳ್ಳಿನ ಭಾರ ಹೆಚ್ಚಿಸಿದರೆ ಕುಣಿತ ನಿಲ್ಲುತ್ತದೆಯೇ?

ನಿಲ್ಲುವುದಿಲ್ಲ. ತಯಾರಕರು ಹೇಳಿದ ಮಿತಿಯೊಳಗೆ ಮೇಲಿನ ತುದಿಯಲ್ಲಿಟ್ಟರೆ ಉಬ್ಬಿನ ಮೇಲೆ ಮುಳ್ಳು ಹಾರುವುದು ತಪ್ಪುತ್ತದೆ, ಅಷ್ಟೇ. ಟೋನ್‌ಆರ್ಮ್ ಮೇಲೆ ಐದು ರೂಪಾಯಿ ನಾಣ್ಯ ಅಂಟಿಸುವ ಪದ್ಧತಿಯನ್ನು ದಯವಿಟ್ಟು ಬಿಡಿ. ತೋಳಿನ ಭಾರ ಹೆಚ್ಚಿದಷ್ಟೂ ಸಹಜ ಕಂಪನ ಇನ್ನಷ್ಟು ಕೆಳಗಿಳಿದು ಕುಣಿತ ಹೆಚ್ಚುತ್ತದೆ, ತಟ್ಟೆಯೂ ಸವೆಯುತ್ತದೆ.

ನಮ್ಮದು ಹಳೆಯ ಎಚ್‌ಎಂವಿ ಪೆಟ್ಟಿಗೆ ಪ್ಲೇಯರ್. ಅದರಿಂದ ತಂತಿ ಎಳೆದು ಆಂಪ್ಲಿಫೈಯರಿನ ಫೋನೋಗೆ ಕೊಟ್ಟಿದ್ದೇನೆ. ಬಾಸ್ ಭಯಂಕರ, ದನಿ ಒಡೆಯುತ್ತದೆ.

ತಂತಿಯನ್ನು ಫೋನೋದಿಂದ ತೆಗೆದು ಆಕ್ಸ್‌ಗೆ (ಆರ್‌ಐಎಎ ಹಿಗ್ಗು ಇಲ್ಲದ ಸಾಮಾನ್ಯ ಇನ್‌ಪುಟ್‌ಗೆ) ಹಾಕಿ. ಫಿಯೆಸ್ಟಾ, ಕ್ಯಾಲಿಪ್ಸೊದಂಥ ಪ್ಲೇಯರ್‌ಗಳ ಸಿರಾಮಿಕ್ ಕಾರ್ಟ್ರಿಜ್ ಅಯಸ್ಕಾಂತದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ವೋಲ್ಟೇಜ್ ಕೊಡುತ್ತದೆ, ಅದಕ್ಕೆ ಆರ್‌ಐಎಎ ಹಿಗ್ಗೂ ಬೇಕಿಲ್ಲ. ಎರಡನೇ ಸಲ ಹಿಗ್ಗಿಸಿದ್ದರಿಂದ ವೂಫರ್ ಗೋಳಾಡುತ್ತಿದೆ. ಆಕ್ಸ್‌ನಲ್ಲಿ ಬಾಸ್ ತೆಳುವಾದರೆ ಒಂದು ಮೆಗಾಓಮ್‌ನಷ್ಟು ಇನ್‌ಪುಟ್ ಇಂಪೀಡೆನ್ಸ್ ಇರುವ ಚಿಕ್ಕ ಬಫರ್ ಸರ್ಕ್ಯೂಟ್ ಕಟ್ಟಿಸಿ. ಹೊಸದಾಗಿ ಕೊಂಡ ಸ್ಟೀರಿಯೊ ಎಲ್‌ಪಿಗಳನ್ನು ಈ ಯಂತ್ರದಲ್ಲಿ ಹಾಕಬೇಡಿ. ಅದರ ಮುಳ್ಳು ಭಾರ, ಬಳುಕು ಕಡಿಮೆ.

## ಫಿಲ್ಟರ್ ಮತ್ತು ಮುಂದಿನವು

ಸಬ್‌ಸಾನಿಕ್ ಫಿಲ್ಟರ್ ಹಾಕಿದರೆ ಬಾಸ್ ಹೋಗಿಬಿಡುವುದಿಲ್ಲವೇ? ಶುದ್ಧ ದನಿ ಕೇಳುವವರು ಫಿಲ್ಟರ್ ಹಾಕಬಾರದು ಎನ್ನುತ್ತಾರೆ.

ಸಬ್‌ಸಾನಿಕ್ ಫಿಲ್ಟರ್ ತಡೆಯುವುದು ಕಿವಿಗೆ ಕೇಳಿಸದ, ಸುಮಾರು 20 ಹರ್ಟ್ಸ್ ಕೆಳಗಿನ ಸಂಕೇತವನ್ನು. ಶುದ್ಧತೆಯ ಹೆಸರಿನಲ್ಲಿ ಕೋನನ್ನು ಬೆರಳಗಲ ಕುಣಿಸುವುದು ನನಗೆ ಅರ್ಥವಾಗದ ಭಕ್ತಿ. ಡಬಲ್ ಬೇಸ್‌ನ ಅತಿ ತಗ್ಗಿನ ತಂತಿ ಸುಮಾರು 41 ಹರ್ಟ್ಸ್, ಪಿಯಾನೊದ ಕೊನೆಯ ಮನೆ 27.5. ಮೃದಂಗದ ತೊಪ್ಪಿ ಇದೆಲ್ಲಕ್ಕಿಂತ ಮೇಲೆಯೇ ಇದೆ. 20 ಹರ್ಟ್ಸ್ ಕೆಳಗೆ ಇಳಿಯುವ ವಾದ್ಯವೆಂದರೆ ದೊಡ್ಡ ಚರ್ಚುಗಳ ಆರ್ಗನ್, ಅದು ನಿಮ್ಮ ಸಂಗ್ರಹದಲ್ಲಿ ಎಷ್ಟಿದೆ ಎಂದು ನೀವೇ ನೋಡಿಕೊಳ್ಳಿ.

ಒಂದು ಮಾತ್ರ ಸ್ಪಷ್ಟವಿರಲಿ: ಸ್ಪೀಕರಿನಿಂದ ಮುಳ್ಳಿಗೆ ಮರಳುವ ಕಂಪನಕ್ಕೆ ಫಿಲ್ಟರ್ ಮದ್ದಲ್ಲ. ಅದರ ಬಹುಭಾಗ 20 ಹರ್ಟ್ಸ್‌ನ ಮೇಲೆ, ಕೇಳುವ ಜಾಗದಲ್ಲೇ ಇರುತ್ತದೆ. ಅದನ್ನು ಜಾಗ ಬದಲಿಸಿಯೇ ಸರಿಪಡಿಸಬೇಕು.

ನನ್ನ ಪ್ರೀಆಂಪ್‌ನಲ್ಲಿ ಫಿಲ್ಟರ್ ಇದೆ ಎಂದು ಬರೆದಿದೆ. ಆದರೂ ಕೋನ್ ಆಡುತ್ತದೆ.

ಎಷ್ಟು ಕಡಿದಾದ ಫಿಲ್ಟರ್ ಎಂಬುದು ಮುಖ್ಯ. 1976ರಲ್ಲಿ ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ ಐಇಸಿ ಸೂಚಿಸಿದ ತಿದ್ದುಪಡಿಯಂತೆ 20 ಹರ್ಟ್ಸ್‌ನಿಂದ ಮೆಲ್ಲಗೆ ಇಳಿಯುವ, ಪ್ರತಿ ಆಕ್ಟೇವಿಗೆ (ಹರ್ಟ್ಸ್ ಅರ್ಧಕ್ಕೆ ಇಳಿದಾಗಲೆಲ್ಲ) 6 ಡೆಸಿಬೆಲ್‌ನ ಫಿಲ್ಟರ್ ಕೆಲವು ಪ್ರೀಆಂಪ್‌ಗಳಲ್ಲಿದೆ. ಅದು 5 ಹರ್ಟ್ಸ್‌ನ ಕುಣಿತವನ್ನು ಸುಮಾರು ಕಾಲು ಭಾಗಕ್ಕೆ ಇಳಿಸುತ್ತದೆ. ಆಕ್ಟೇವಿಗೆ 18 ಡೆಸಿಬೆಲ್‌ನ ಫಿಲ್ಟರ್ ಅದನ್ನೇ 64ರಲ್ಲಿ ಒಂದು ಭಾಗಕ್ಕೆ ಇಳಿಸುತ್ತದೆ. ಕೊಳ್ಳುವಾಗ 18 ಅಥವಾ 24 ಎಂದು ಬರೆದಿರುವುದನ್ನೇ ನೋಡಿ.

ಬೆಸುಗೆ ಬಲ್ಲವರಿಗೆ ಅಗ್ಗದ ದಾರಿಯೂ ಇದೆ. ಪ್ರೀಆಂಪಿನಿಂದ ಪವರ್ ಆಂಪಿಗೆ ಹೋಗುವ ಸಂಕೇತದ ತಂತಿಗೆ ಸರಣಿಯಾಗಿ 0.22 ಮೈಕ್ರೊಫ್ಯಾರಡ್ ಫಿಲ್ಮ್ ಕೆಪಾಸಿಟರ್ ಹಾಕಿದರೆ, ಪವರ್ ಆಂಪಿನ ಇನ್‌ಪುಟ್ 47 ಕಿಲೋಓಮ್ ಇದ್ದಾಗ, 15 ಹರ್ಟ್ಸ್ ಸುತ್ತ ಇಳಿತ ಶುರುವಾಗುತ್ತದೆ. ಇನ್‌ಪುಟ್ 22 ಕಿಲೋಓಮ್ ಇದ್ದರೆ ಅದೇ ಕೆಪಾಸಿಟರ್ 33 ಹರ್ಟ್ಸ್‌ನಿಂದಲೇ ಬಾಸ್ ತಿನ್ನುತ್ತದೆ, ಹಾಗಾಗಿ ಮೊದಲು ಆ ಸಂಖ್ಯೆ ನೋಡಿ. ಇದೂ 6 ಡೆಸಿಬೆಲ್‌ನ ಸೌಮ್ಯ ಫಿಲ್ಟರೇ, ಪವಾಡ ನಿರೀಕ್ಷಿಸಬೇಡಿ. ಹಾಗೆಯೇ ಆಂಪ್ಲಿಫೈಯರಿನ ಬಾಸ್ ಹೆಚ್ಚಿಸುವ ಲೌಡ್‌ನೆಸ್ ಗುಂಡಿ ಒತ್ತಿದೆಯೇ, ಬಾಸ್ ಗುಂಡಿ ಪೂರ್ತಿ ತಿರುಗಿದೆಯೇ ಎಂದೂ ಒಮ್ಮೆ ಕಣ್ಣು ಹಾಯಿಸಿ. ಬಹಳ ಮನೆಗಳಲ್ಲಿ ಅರ್ಧ ಕಾಯಿಲೆ ಅಲ್ಲೇ ಇರುತ್ತದೆ.

ಸಬ್‌ವೂಫರ್ ಸೇರಿಸಿದರೆ ಪರಿಸ್ಥಿತಿ ಕೆಡುತ್ತದೆಯೋ ಸುಧಾರಿಸುತ್ತದೆಯೋ?

ಜೋಡಿಸುವ ರೀತಿಯನ್ನು ಅವಲಂಬಿಸಿದೆ. ಎಡ ಬಲ ಎರಡನ್ನೂ ಕೂಡಿಸಿ ಒಂದೇ ಸಬ್‌ವೂಫರಿಗೆ ಕೊಟ್ಟರೆ ಮೇಲೆ ಕೆಳಗಿನ ಕುಣಿತ ಅಲ್ಲಿ ತಾನೇ ರದ್ದಾಗುತ್ತದೆ. ಮುಖ್ಯ ಸ್ಪೀಕರಿಗೆ 80 ಹರ್ಟ್ಸ್‌ನ ಕೆಳಗಿನದು ಹೋಗದಂತೆ ಕ್ರಾಸ್‌ಓವರ್ ಇಟ್ಟರೆ ಅವೂ ಶಾಂತವಾಗುತ್ತವೆ. ಒಂದೇ ಚಾನೆಲ್‌ನಿಂದ ತಂತಿ ಎಳೆದರೆ, ಅಥವಾ ಟರ್ನ್‌ಟೇಬಲ್ ಇರುವ ಮೇಜಿನ ಕೆಳಗೇ ಸಬ್‌ವೂಫರ್ ತುರುಕಿದರೆ, ಮೊದಲಿಗಿಂತ ಕೆಡುತ್ತದೆ.

ತಟ್ಟೆಗಳನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದೇನೆ. ಸ್ಪೀಕರ್ ಆರಿಸಿ ರೆಕಾರ್ಡ್ ಮಾಡಿದರೆ ಈ ತೊಂದರೆ ಇಲ್ಲವಲ್ಲ?

ಸ್ಪೀಕರಿನಿಂದ ಮರಳುವ ಕಂಪನ ಇರುವುದಿಲ್ಲ. ಸೊಟ್ಟ ತಟ್ಟೆಯ ಮತ್ತು ಟೋನ್‌ಆರ್ಮ್‌ನ ಕಂಪನ ಫೈಲಿನಲ್ಲಿ ಕೂತೇ ಇರುತ್ತದೆ. ಆಡಾಸಿಟಿ ಎಂಬ ದನಿ ತಿದ್ದುವ ತಂತ್ರಾಂಶದಲ್ಲಿ ತೆರೆದು ಹಾಡುಗಳ ನಡುವಿನ ಖಾಲಿ ಭಾಗವನ್ನು ಹಿಗ್ಗಿಸಿ ನೋಡಿದರೆ ನೇರವಾಗಿರಬೇಕಾದ ಗೆರೆ ಅಲೆಯಾಗಿ ಓಲಾಡುವುದು ಕಾಣುತ್ತದೆ. ರೆಕಾರ್ಡ್ ಮಾಡುವಾಗ ಮಟ್ಟವನ್ನು ತುಸು ಕಡಿಮೆ ಇಡಿ, ಇಲ್ಲವಾದರೆ ಈ ಅಲೆಯ ಮೇಲೆ ಕೂತ ಜೋರಿನ ಸ್ವರ ಮಿತಿ ದಾಟಿ ಒಡೆಯುತ್ತದೆ. ಚಟಪಟ ತೆಗೆಯುವ ಕೆಲಸಕ್ಕೂ ಮುನ್ನ 20 ಹರ್ಟ್ಸ್‌ಗೆ, ಆಕ್ಟೇವಿಗೆ 24 ಡೆಸಿಬೆಲ್‌ನ ಹೈ-ಪಾಸ್ ಫಿಲ್ಟರ್ ಹಾಕಿ. ಫಿಲ್ಟರ್ ಹಾಕದ ಮೂಲ ಫೈಲನ್ನು ಬೇರೆ ಕಡೆ ಉಳಿಸಿಕೊಳ್ಳಿ. ಅದೇ ತಟ್ಟೆ ಮುಂದೆ ಇನ್ನಷ್ಟು ಸೊಟ್ಟಗಾದರೆ ಅಥವಾ ಒಡೆದರೆ ಮತ್ತೆ ಇಳಿಸಿಕೊಳ್ಳಲು ಆಗುವುದಿಲ್ಲ.